ಒತ್ತುಗಳು ಸಾಲದ ಅಕ್ಷರದ ಪೆಟ್ಟಿಗೆಯ ಕುರಿತು

ಅಕ್ಷರಾಂಗಣ ಗೃಹಾಲಂಕಾರ ಸಂಸ್ಥೆಯ ಘನತೆವೆತ್ತ ವ್ಯವಸ್ಥಾಪಕರ ಸನ್ನಿಧಿಗೆ, ಚಳ್ಳಕೆರೆಯಿಂದ ದಾಕ್ಷಾಯಿಣಿ ಅಮರೇಶ್ ತಲೆಬಾಗಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವೂ, ತಮ್ಮ ಕುಟುಂಬದವರೂ, ತಮ್ಮ ಕಾರ್ಖಾನೆಯಲ್ಲಿ ಅಕ್ಷರ ಎಣಿಸಿ ಪೆಟ್ಟಿಗೆಗೆ ತುಂಬುವ ಮಹನೀಯರೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಇಲ್ಲಿ ನಾವೂ ಕ್ಷೇಮ. ಆದರೆ ಅದರಲ್ಲಿ ತಮ್ಮ ಪಾತ್ರ ಏನೂ ಇಲ್ಲವೆಂಬುದನ್ನು ಆರಂಭದಲ್ಲೇ ನಿವೇದಿಸಿಕೊಳ್ಳುತ್ತೇನೆ.

ಮೊಳಕಾಲ್ಮೂರಿನಲ್ಲಿರುವ ನನ್ನ ತಂಗಿ ಜ್ಯೋತಿಲಕ್ಷ್ಮಿ ತನ್ನ ನಡುಮನೆಯ ಗೋಡೆಗೆ ಕಪ್ಪು ಬಟ್ಟೆ ಹೊದಿಸಿದ ಹಲಗೆಯೊಂದನ್ನು ತೂಗುಹಾಕಿ, ಅದರ ಗೀರುಗಳಲ್ಲಿ ಬೆರಳುಗುರಿನಷ್ಟು ಬಿಳಿ ಅಕ್ಷರಗಳನ್ನು ಸಿಕ್ಕಿಸಿ, ದಿನಕ್ಕೊಂದು ಇಂಗ್ಲಿಷ್ ಮಾತು ಬರೆಯುವುದನ್ನು ನೋಡಿ ಬಂದ ಮೇಲೆ, ನಮ್ಮ ಮನೆಯಲ್ಲಿ ಅಂಥದ್ದು ಕನ್ನಡದಲ್ಲೇ ಇರಲಿ ಎಂಬ ಭಾಷಾಭಿಮಾನ ನನ್ನಲ್ಲಿ ಉಕ್ಕಿತು. ನನ್ನ ಯಜಮಾನರು ಇದನ್ನು ಹೊಟ್ಟೆಕಿಚ್ಚು ಎಂದು ಕರೆದರು. ಇರಲಿ, ಅವರು ಗೊಬ್ಬರದ ಅಂಗಡಿಯವರು. ತಮ್ಮ ಹಲಗೆ ಬಂತು, ಜೊತೆಗೆ ಮುನ್ನೂರು ಅಕ್ಷರಗಳ ಪೆಟ್ಟಿಗೆಯೂ ಬಂತು.

ಪೆಟ್ಟಿಗೆ ತೆರೆದಾಗ ತಮ್ಮ ಔದಾರ್ಯಕ್ಕೆ ಬೆರಗಾದೆ. ಙ ಹನ್ನೆರಡು, ಞ ಹನ್ನೆರಡು! ಇಷ್ಟು ವರ್ಷದ ಸಂಸಾರದಲ್ಲಿ ನಾವು ಯಾವ ಜಗಳಕ್ಕೂ ಙ ಬಳಸಿದವರಲ್ಲ. ಆದರೆ ಮಕಾರದ ಒತ್ತು ಒಂದೇ ಒಂದು, ಕಕಾರದ್ದೂ ಒಂದು, ಳಕಾರದ್ದಂತೂ ಇಲ್ಲವೇ ಇಲ್ಲ. ಊರಿನ ಹೆಸರಿನಲ್ಲೇ ಒತ್ತು ಇಟ್ಟುಕೊಂಡಿರುವ ಚಳ್ಳಕೆರೆಗೆ, ಹೆಂಗಸರೆಲ್ಲ ಅಮ್ಮ ಇಲ್ಲವೇ ಅಕ್ಕ, ಗಂಡಸರೆಲ್ಲ ಅಪ್ಪ ಇಲ್ಲವೇ ಅಯ್ಯ ಆಗಿರುವ ಈ ಸೀಮೆಗೆ, ತಾವು ಕಳುಹಿಸಿದ ಒತ್ತುಗಳು ಒಂದು ಮನೆಯ ಮತದಾರರ ಪಟ್ಟಿಗೂ ಸಾಲುವುದಿಲ್ಲ.

ಆದರೂ ನಾನು ಗೊಣಗದೆ ವಿಂಗಡಿಸಲು ಕುಳಿತೆ. ಮಸಾಲೆ ಡಬ್ಬಿಯಲ್ಲಿ ಏಳೇ ಬಟ್ಟಲು, ವರ್ಣಮಾಲೆಗೆ ಸಾಲದು. ಫ್ರಿಜ್ಜಿನಿಂದ ಐಸ್ ಟ್ರೇಗಳನ್ನು ತೆಗೆದು, ಗುಳಿಗೊಂದು ಅಕ್ಷರದಂತೆ ಸ್ವರ, ವ್ಯಂಜನ, ಗುಣಿತದ ಕೊಂಬು, ದೀರ್ಘ, ಒತ್ತು ಎಲ್ಲವನ್ನೂ ಸಾಲಾಗಿ ಇಟ್ಟು, ಯಾವುದು ಎಷ್ಟು ಎಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಆ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ತಣ್ಣನೆಯ ಶರಬತ್ತು ಸಿಗಲಿಲ್ಲವೆಂಬುದನ್ನು ದೂರಾಗಿ ಅಲ್ಲ, ಮಾಹಿತಿಗಾಗಿ ತಿಳಿಸಿದ್ದೇನೆ.

ಎರಡನೆಯ ವಾರ ಪಟ್ಟಿಗೂ ಟ್ರೇಗೂ ತಾಳೆ ತಪ್ಪಿತು. ಮೊದಲು ಬ, ಸ, ವ ಒಂದೊಂದು ಕಾಣೆಯಾದವು. ಹುಟ್ಟಿದಾಗಿನಿಂದ ಬಸವಾ ಬಸವಾ ಎನ್ನುವ ಮನೆಗಳಲ್ಲೇ ಬೆಳೆದು ಬಾಳುತ್ತಿದ್ದರೂ, ಆ ಮೂರನ್ನು ಸೇರಿಸಿ ಓದುವ ಬುದ್ಧಿ ನನಗೆ ಬರಲಿಲ್ಲ. ಆಮೇಲೆ ಕ, ರ, ಯ ಹೋದವು. ಇವನ್ನು ಮಾತ್ರ ತಕ್ಷಣ ಸೇರಿಸಿ ಓದಿದೆ.

ಕರಿಯಕ್ಕ ಹತ್ತಿರದ ನನ್ನಿವಾಳ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದು ನಮ್ಮ ಮನೆಯ ಪಾತ್ರೆ ತೊಳೆದು, ನೆಲ ಒರೆಸಿ ಹೋಗುತ್ತಿದ್ದವಳು. ಆರು ವರ್ಷದಲ್ಲಿ ಒಂದು ಚಮಚ ಆಚೀಚೆ ಆಗಿರಲಿಲ್ಲ. ಅಂಥವಳನ್ನು ಅತ್ತೆಯವರ ಎದುರಿಗೇ ನಿಲ್ಲಿಸಿ ಕೇಳಿದೆ.

"ಕರಿಯಕ್ಕ, ಆ ಅಕ್ಷರ ನೀನೇನಾದ್ರೂ ಮನೆಗೆ ತಗಂಡ್ ಹೋಗಿದೀಯಾ? ನಿನ್ನ ಹೆಸರಿನವೇ ಇಲ್ಲ ನೋಡು."

ಅವಳು ಅತ್ತೆಯವರ ಮುಖ ನೋಡಿದಳು. ಅತ್ತೆಯವರು ನೆಲ ನೋಡಿದರು.

"ನಾನು ತಗಂಡಿಲ್ಲ ಅಕ್ಕಾರೇ."

"ಮತ್ಯಾರು ತಗಂಡ್ರು?"

"ಅದು ನನ್ನ ಬಾಯಾಗೆ ಬರಾಕಿಲ್ಲ," ಎಂದವಳೇ ಕೈಯಲ್ಲಿದ್ದ ಬಾಣಲೆಯನ್ನು ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡು, ಚೀಲ ತೆಗೆದುಕೊಂಡು ಹೊರಟುಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಕಳ್ಳತನ ಪತ್ತೆಯಾಯಿತೆಂದು ನಾನು ಪಾತ್ರೆ ತಿಕ್ಕುತ್ತಲೇ ಹೆಮ್ಮೆಪಟ್ಟೆ. ಗ್ರಾಹಕರಲ್ಲಿ ಇಂಥ ಪತ್ತೇದಾರಿ ಪ್ರತಿಭೆಯನ್ನು ಅರಳಿಸಿದ್ದಕ್ಕಾಗಿ ತಮ್ಮನ್ನು ಎಷ್ಟು ಕೊಂಡಾಡಿದರೂ ಕಡಿಮೆಯೇ.

ಆ ದಿನಗಳಲ್ಲಿ ಅತ್ತೆ ಬಸವಲಿಂಗಮ್ಮನವರು ಸರಿಯಾಗಿ ಊಟ ಮಾಡಲಿಲ್ಲ. ನಾಲ್ಕನೆಯ ಬೆಳಿಗ್ಗೆ ಹಾಲು ಕಾಯಿಸಲು ಎದ್ದು ಬಂದವಳು ಹಲಗೆ ನೋಡಿದೆ. ನಾನು ಸಿಕ್ಕಿಸಿದ್ದ 'ಶುಭೋದಯ' ಕಿತ್ತುಹೋಗಿತ್ತು. ಅದರ ಜಾಗದಲ್ಲಿ, ಒಂದು ಅಕ್ಷರ ಮೇಲೆ ಒಂದು ಕೆಳಗೆ, ಹೀಗಿತ್ತು:

ಕರಿಯಕ ಕಳಿ ಅಲ
ನಾನು ತಗಂಡೆ

ಒತ್ತುಗಳಿರಲಿಲ್ಲ. ತಾವು ಕಡಿಮೆ ಕಳುಹಿಸಿದ್ದೀರೆಂದು ಅಂದು ತಮ್ಮನ್ನೇ ಬೈದುಕೊಂಡೆ. ನಿಜ ಸಂಗತಿ ಬೇರೆ. ಒತ್ತಕ್ಷರದ ಪಾಠ ಶುರುವಾಗುವ ಮೊದಲೇ ನಾನು ಪಾಠ ಹೇಳುವ ಮೇಡಮ್ಮನ್ನು, ಅಂದರೆ ಕರಿಯಕ್ಕನನ್ನೇ, ಮನೆಯಿಂದ ಕಳುಹಿಸಿಬಿಟ್ಟಿದ್ದೆ.

ಅತ್ತೆಯವರು ತಮ್ಮ ಎಲೆ ಅಡಿಕೆ ಚೀಲವನ್ನು ನನ್ನ ಮುಂದೆ ಕೊಡವಿದರು. ಸುಣ್ಣ ಮೆತ್ತಿದ ಅಕ್ಷರಗಳು ಬಿದ್ದವು. ನಾನು ಈ ಮನೆಗೆ ಬಂದ ಹತ್ತೊಂಬತ್ತು ವರ್ಷದಿಂದ ಅವರು ಪ್ರತಿದಿನ ಕನ್ನಡಕ ಹಾಕಿಕೊಂಡು ವಚನದ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿದ್ದರು. ಅದೆಲ್ಲ ಬಾಯಿಪಾಠವಾಗಿತ್ತು. ಅವರಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ವಚನ ಮೂರಾದರೂ ಹಾಳೆ ಮಗುಚದಿರುವುದನ್ನು ನೆಲ ಒರೆಸುತ್ತಿದ್ದ ಕರಿಯಕ್ಕ ಕಂಡಿದ್ದಳು. ಅದೇ ಮನೆಯಲ್ಲಿ ಓಡಾಡಿಕೊಂಡಿದ್ದ ಪದವೀಧರೆ ಸೊಸೆ ಕಂಡಿರಲಿಲ್ಲ. ಏಳನೆಯ ತರಗತಿಯವರೆಗೆ ಓದಿದ್ದ ಕರಿಯಕ್ಕ, ನಾನು ಸಂತೆಗೋ ಪೂಜೆಗೋ ಹೋದಾಗ ತಾವು ಕಳುಹಿಸಿದ ಅಕ್ಷರಗಳನ್ನೇ ಹಿಡಿದು ಅತ್ತೆಯವರಿಗೆ ಪಾಠ ಹೇಳುತ್ತಿದ್ದಳು. ಮೊದಲು ಅತ್ತೆಯವರ ಹೆಸರು, ಆಮೇಲೆ ತನ್ನದು. ಕಲಿತದ್ದು ಮರೆಯದಿರಲೆಂದು ಅತ್ತೆಯವರು ಆ ಅಕ್ಷರಗಳನ್ನು ಚೀಲದಲ್ಲಿಟ್ಟುಕೊಳ್ಳುತ್ತಿದ್ದರು.

"ನಿನಗೆ ಗೊತ್ತಾದ್ರೆ ನಗ್ತೀಯ ಅಂತ ನಾನೇ ಹೇಳಬ್ಯಾಡ ಅಂದಿದ್ದೆ ಕಣವ್ವ," ಎಂದರು ಅತ್ತೆ. "ನಿನ್ನೆದುರಿಗೆ ಅವಳು ನನ್ನ ಮಾತು ಕಾಪಾಡಿದ್ಲು. ನಾನು ಸುಮ್ಕೆ ಕುಂತೆ."

ಆ ದಿನವೇ ಇಬ್ಬರೂ ಬಸ್ಸು ಹತ್ತಿ ನನ್ನಿವಾಳಕ್ಕೆ ಹೋದೆವು. ಕರಿಯಕ್ಕ ಅಂಗಳದಲ್ಲಿ ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತ ಕುಳಿತಿದ್ದರು. ಅತ್ತೆಯವರಿಗೆ ಚಾಪೆ ಹಾಕಿದರು, ನನಗೆ ಕೂರಲು ಹೇಳಲಿಲ್ಲ. ನಾನು ನಿಂತೇ ಇದ್ದೆ.

"ತಪ್ಪಾಯ್ತು ಕರಿಯಕ್ಕ," ಎಂದಷ್ಟೇ ಅಂದೆ.

"ನೀವು ಕೇಳಿದ್ದಕ್ಕೆ ಬ್ಯಾಸರ ಇಲ್ಲ ಅಕ್ಕಾರೇ," ಎಂದರು ಅವರು, ಸುಲಿಯುವುದನ್ನು ನಿಲ್ಲಿಸದೆ. "ಕೇಳೋಕ್ ಮೊದ್ಲೇ ಉತ್ರ ನಿಮ್ಮ ತಾವ ಇತ್ತಲ್ಲ, ಅದಕ್ಕೆ ಬ್ಯಾಸರ."

ಅತ್ತೆಯವರು ಅವರ ಕೈ ಹಿಡಿದುಕೊಂಡರು. ಕೈಯಿಂದ ಕಾಯಿ ಉದುರಿತು. ಅದನ್ನು ಹೆಕ್ಕಿ ಪಕ್ಕಕ್ಕಿಟ್ಟು ಕರಿಯಕ್ಕ ನನ್ನ ಕಡೆ ತಿರುಗಿದರು. "ಪಾತ್ರೆ ತೊಳಿಯಾಕೆ ಇನ್ನು ಬರಾಕಿಲ್ಲ. ಅಮ್ಮಾರಿಗೆ ಪಾಠ ಅರ್ಧ ಆಗೈತೆ, ಅದಕ್ಕೆ ಬರ್ತೀನಿ. ವಾರಕ್ಕೆ ಎರಡು ದಿನ. ನೆಲದ ಮ್ಯಾಲೆ ಕುಂತು ಹೇಳಾಕಿಲ್ಲ, ಕುರ್ಚಿ ಹಾಕ್ಬೇಕು."

ಹೀಗಾಗಿ, ಮಾನ್ಯರೇ, ಈಗ ಮಂಗಳವಾರ ಮತ್ತು ಶುಕ್ರವಾರ ನಮ್ಮ ನಡುಮನೆಯಲ್ಲಿ ಕರಿಯಕ್ಕನವರು ಕುರ್ಚಿಯ ಮೇಲೆ ಕುಳಿತು ಒತ್ತಕ್ಷರ ಹೇಳಿಕೊಡುತ್ತಾರೆ, ನಾನು ಒಳಗೆ ಪಾತ್ರೆ ತೊಳೆದು, ಟೀ ಮಾಡಿ ತಂದುಕೊಡುತ್ತೇನೆ. ಟೀಗೆ ಸಕ್ಕರೆ ಜಾಸ್ತಿಯಾದರೆ ಅವರು ಹೇಳುತ್ತಾರೆ, ನಾನು ತಿದ್ದಿಕೊಳ್ಳುತ್ತೇನೆ. ಒಂದು ಅಲಂಕಾರದ ಹಲಗೆಯಿಂದ ಮನೆಯ ವ್ಯವಸ್ಥೆಯನ್ನೇ ಇಷ್ಟು ಅಂದವಾಗಿ ತಿರುಗಿಸಿಟ್ಟ ತಮ್ಮ ಸಂಸ್ಥೆಯನ್ನು ಸರ್ಕಾರ ಗುರುತಿಸಿ ಗೌರವಿಸಬೇಕು.

ತಮ್ಮಲ್ಲಿ ನನ್ನ ಬೇಡಿಕೆಗಳು ಅತ್ಯಲ್ಪ. ಒತ್ತುಗಳನ್ನು ದಯವಿಟ್ಟು ಸೇರುಗಟ್ಟಲೆ ಕಳುಹಿಸಿ. ಪೆಟ್ಟಿಗೆಯ ಮುಚ್ಚಳದ ಮೇಲೆ "ಅಕ್ಷರ ಕಾಣೆಯಾದಲ್ಲಿ ಮೊದಲು ಅತ್ತೆಯ ಎಲೆ ಅಡಿಕೆ ಚೀಲ ನೋಡಿ" ಎಂಬ ಎಚ್ಚರಿಕೆ ಅಚ್ಚು ಹಾಕಿಸಿ. ಹಲಗೆಯ ಅಕ್ಷರವನ್ನು ಕಿತ್ತು ಟ್ರೇಗೆ ಹಾಕುವಷ್ಟೇ ಸಲೀಸಾಗಿ, ಬಾಯಿಂದ ಬಿದ್ದ ಮಾತನ್ನೂ ಕಿತ್ತು ಒಳಗಿಡುವ ಚಿಮಟವೊಂದನ್ನು ತಯಾರಿಸಿ. ಅದು ಸಾಧ್ಯವಾಗದಿದ್ದರೆ ಮಂಗಳವಾರ, ಶುಕ್ರವಾರ ಪಾತ್ರೆ ತೊಳೆಯಲು ತಾವೇ ಖುದ್ದಾಗಿ ಬಂದರೂ ನನ್ನ ಅಭ್ಯಂತರವಿಲ್ಲ.

ಇಷ್ಟೆಲ್ಲ ಆದ ಮೇಲೂ ತಮ್ಮಲ್ಲಿ ವಿಶ್ವಾಸ ಕಳೆದುಕೊಳ್ಳದ,
ಒದ್ದೆ ಕೈಯ
ದಾಕ್ಷಾಯಿಣಿ ಅಮರೇಶ್

ತಾ.ಕ.: ಓದು ಕಲಿತ ಹುರುಪಿನಲ್ಲಿ ಅತ್ತೆಯವರು ಈಗ ಮನೆಯಲ್ಲಿರುವ ಮಾತ್ರೆಯ ಚೀಟಿ, ಸೋಪಿನ ಹೊದಿಕೆ, ಯಾವುದನ್ನೂ ಬಿಡುತ್ತಿಲ್ಲ. ನಿನ್ನೆ ತಾವು ಕಳುಹಿಸಿದ ಪೆಟ್ಟಿಗೆಯನ್ನು ಕೈಗೆತ್ತಿಕೊಂಡರು. ಅದರ ಮೇಲೆ ದಪ್ಪಕ್ಷರದಲ್ಲಿ 'ಶುದ್ದ ಕನ್ನಡ' ಎಂದು ಅಚ್ಚಾಗಿದೆ. "ಶುದ್ಧ ಅನ್ನೋದಕ್ಕೆ ಹೊಟ್ಟೆ ಸೀಳಿದ ಧ ಅಲ್ವೇನೆ ಬರಬೇಕು?" ಎಂದು ಕೇಳಿದರು. ತಮ್ಮ ಸಿಬ್ಬಂದಿಯನ್ನು ಯಾವುದಾದರೊಂದು ಶುಕ್ರವಾರ ಇತ್ತ ಕಳುಹಿಸಿಕೊಡಿ. ಕರಿಯಕ್ಕನವರನ್ನು ವಿಚಾರಿಸಿದ್ದೇನೆ, ಚಾಪೆಯ ಮೇಲೆ ಕೂರುವುದಾದರೆ ಸೇರಿಸಿಕೊಳ್ಳುತ್ತಾರಂತೆ.