ದೇವಸ್ಥಾನದ ಭಟ್ಟ ಶಾಲಾ ಸಮಿತಿಗೆ ನಿಂತದ್ದು

ದೇವರ ಪೂಜೆ ಮಾಡಿಕೊಂಡಿರುವವನಿಗೆ ದೇವರು ಪ್ರಸಾದದ ಜೊತೆಗೆ ನಗೆಪಾಟಲಿನ ಪ್ರಸಂಗಗಳನ್ನೂ ಧಾರಾಳವಾಗಿಯೇ ಕೊಡುತ್ತಾನೆ. ಜನಿವಾರಕ್ಕೆ ಸಿಕ್ಕಿಸಿಕೊಂಡ ಬೀಗದ ಕೈಯನ್ನು ಊರೆಲ್ಲ ಹುಡುಕಿದವನು ನಾನು. ಅಂಥವು ಈಗಲೂ ನಡೆಯುತ್ತಲೇ ಇವೆ. ಆದರೆ ಶಾಲೆಯ ಚುನಾವಣೆಗೆ ನಿಂತ ಕಥೆ ಹೇಳುವಾಗ ಮಾತ್ರ ಕೇಳಿದವರ ಜೊತೆ ನಾನೂ ನಗುತ್ತೇನೆ, ಆಮೇಲೆ ಎದ್ದು ಹೋಗಿ ಒಂದು ಲೋಟ ನೀರು ಕುಡಿಯುತ್ತೇನೆ.

೧. ತುಂಬಿದ ಬಾಟಲಿ

ಕೊಪ್ಪದ ಹತ್ತಿರ ನಾರ್ವೆ ಎಂಬ ಊರಿನ ಕಡೆಯ ಒಂದು ಚಿಕ್ಕ ಗಣಪತಿ ದೇವಸ್ಥಾನದ ಪೂಜೆ ನನ್ನದು. ಮಗಳು ಅಲ್ಲೇ ಸರ್ಕಾರಿ ಶಾಲೆಯಲ್ಲಿ ಆರನೇ ಕ್ಲಾಸು. ಬೆಳಿಗ್ಗೆ ಕೊಟ್ಟು ಕಳಿಸಿದ ನೀರಿನ ಬಾಟಲಿ ಸಂಜೆ ತುಂಬಿಕೊಂಡೇ ವಾಪಸು ಬರುತ್ತಿತ್ತು. ನನಗೆ ಹೆಮ್ಮೆ.

"ನೋಡು, ಕೂಸು ಬಾಟಲಿ ತೊಳೆದು ಹೊಸ ನೀರು ತುಂಬಿಸಿಕೊಂಡೇ ಬರ್ತಾಳೆ. ಎಂಥ ಆಚಾರ!" ಅಂದೆ ಮನೆಯವಳ ಹತ್ತಿರ.

"ಆಚಾರವೂ ಇಲ್ಲ, ಎಂತದೂ ಇಲ್ಲ ಮಾರಾಯ್ರೇ. ಶಾಲೆಲಿ ಹೆಣ್ಣುಮಕ್ಕಳಿಗೆ ಪಾಯಿಖಾನೆ ಇಲ್ಲ. ಹಿಂದಿನ ಕಾಡಿಗೆ ಹೋಗ್ಬೇಕು, ಅಲ್ಲಿ ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳ. ಅದಕ್ಕೇ ಬೆಳಿಗ್ಗೆಯಿಂದ ಒಂದು ಗುಟುಕೂ ಕುಡಿಯೋದಿಲ್ಲ ಅದು."

ದಿನಾ ಗಣಪತಿಗೆ ಕೊಡಗಟ್ಟಲೆ ನೀರು ಅಭಿಷೇಕ ಮಾಡುವವನ ಮಗಳು ಒಂದು ಗುಟುಕು ನೀರಿಗೆ ಹೆದರುತ್ತಿದ್ದಳು! ಪಾಲಕರೇ ಸೇರಿ ಆರಿಸುವ ಶಾಲಾಭಿವೃದ್ಧಿ ಸಮಿತಿ ಆಗಷ್ಟೇ ಶುರುವಾಗಿತ್ತು. ಅಧ್ಯಕ್ಷರು ಬೆನ್ನು ಹತ್ತಿದರೆ ಪಾಯಿಖಾನೆ ಆಗುತ್ತದೆ ಎಂದು ಹೆಡ್‌ಮಾಸ್ಟರು ಹೇಳಿದರು. ಅಧ್ಯಕ್ಷನಾಗಲು ನಾನೇ ನಿಲ್ಲುತ್ತೇನೆ ಎಂದೆ.

ಮನೆಯವಳು ಸೌಟು ಕೆಳಗಿಟ್ಟಳು. "ಒಡೆಯುವ ಮೊದಲು ತೆಂಗಿನಕಾಯಿ ಹತ್ರ ಕ್ಷಮೆ ಕೇಳುವ ಜನ ನೀವು. ಚುನಾವಣೆ ಎಂತದು ಮಾಡ್ತೀರಿ?"

೨. ಎರಡು ಹೂವು

ನಮ್ಮಲ್ಲಿ ಯಾವ ಕೆಲಸಕ್ಕೂ ಮೊದಲು ದೇವರ ಹತ್ತಿರ ಹೂವಿನ ಪ್ರಸಾದ ಕೇಳುವ ಪದ್ಧತಿ. ಮೂರ್ತಿಯ ಎರಡು ಭುಜಕ್ಕೂ ಹೂವಿಟ್ಟು ಪ್ರಾರ್ಥನೆ ಮಾಡುವುದು. ಬಲಗಡೆಯದು ಬಿದ್ದರೆ ಆಗುತ್ತದೆ, ಎಡಗಡೆಯದು ಬಿದ್ದರೆ ಬೇಡ. ನಾನು ಕೇಳಿದೆ. ಬಲಗಡೆಯದು ಬಿತ್ತು. ಕಣ್ಣಲ್ಲಿ ನೀರು ಬಂತು.

ಮಾರನೇ ದಿನ ಬಸರೀಕಟ್ಟೆಗೆ ಜೀಪು ಓಡಿಸುವ ಜೀಪಿನ ಯಜಮಾನರು ಬಂದರು. ಅವರ ಮಗನೂ ಅದೇ ಶಾಲೆ.

"ಭಟ್ರೇ, ನಾನೂ ಅಧ್ಯಕ್ಷಗಿರಿಗೆ ನಿಲ್ತಾ ಇದೀನಿ. ಶಾಲೆ ಗೇಟಿಗೆ ಒಂದು ಕಮಾನು ಕಟ್ಟಿಸ್ಬೇಕು ಅಂತ ಆಸೆ. ಒಂದು ಪ್ರಸಾದ ಕೇಳಿ. ಅರ್ಚನೆಯನ್ನೂ ಮಾಡ್ಬಿಡಿ."

"ನಾನೂ ನಿಂತಿದ್ದೇನಲ್ಲ ಮಾರಾಯ್ರೇ."

"ಅದು ಗೊತ್ತು. ಆದ್ರೆ ಇಲ್ಲಿ ಬೇರೆ ಭಟ್ರು ಇಲ್ವಲ್ಲ!"

ದೇವರ ಎದುರು ಕಳ್ಳತನ ಮಾಡಲಾದೀತೇ? ಅವರ ಹೆಸರು, ನಕ್ಷತ್ರ ಹೇಳಿ, ಚುನಾವಣೆಯಲ್ಲಿ ಜಯವಾಗಲಿ ಎಂದು ಸಂಕಲ್ಪ ಮಾಡಿದೆ. ಮನಸ್ಸು ಗಟ್ಟಿ ಮಾಡಿಕೊಂಡು ಇಪ್ಪತ್ತೊಂದು ಗರಿಕೆ ಏರಿಸಿದೆ. ಹೂವು ಬಲಗಡೆಯದೇ ಬಿತ್ತು.

ಅವರು ಹೊರಡುವಾಗ ಕೇಳಿದರು: "ನಿಮ್ಮದು ಎಷ್ಟು ಗರಿಕೆ ಭಟ್ರೇ?"

ನನ್ನದಕ್ಕೆ ಗರಿಕೆ ಏರಿಸಲು ಮರೆತೇ ಹೋಗಿತ್ತು.

೩. ಪ್ರಚಾರ

ನನ್ನ ಹೆಸರು ಸೂಚಿಸಿದವರು ದಿನಸಿ ಅಂಗಡಿಯ ಸಾಹೇಬರು. ಅವರ ಮಗಳೂ ನನ್ನ ಮಗಳೂ ಒಂದೇ ಬೆಂಚು. ಅವಳ ಬಾಟಲಿಯೂ ತುಂಬಿಕೊಂಡೇ ಬರುತ್ತಿತ್ತಂತೆ. "ಭಟ್ರೇ, ನಿಮ್ಮ ಕಡೆ ಹನ್ನೊಂದು ಮನೆಗೆ ನೀವು ಹೋಗಿ, ಉಳಿದದ್ದು ನನಗೆ ಬಿಡಿ" ಅಂದರು.

ಹೋದೆ. ಆದರೆ ಭಟ್ಟ ಅಂಗಳಕ್ಕೆ ಕಾಲಿಟ್ಟರೆ ಜನ ಕಾಲಿಗೆ ನೀರು ಕೊಟ್ಟು, ಮಣೆ ಹಾಕಿ, ಪಂಚಾಂಗ ತಂದಿಡುತ್ತಾರೆ. ಒಬ್ಬರಿಗೆ ಬಾವಿ ತೋಡಲು ದಿನ ಬೇಕು, ಇನ್ನೊಬ್ಬರಿಗೆ ಮಗಳ ಜಾತಕ ನೋಡಬೇಕು. ಕಷ್ಟ ಹೇಳಿಕೊಳ್ಳುತ್ತಿರುವವರ ನಡುವೆ ಬಾಯಿ ಹಾಕಿ ಓಟು ಕೇಳುವುದು ಹೇಗೆ?

ಸಂಜೆ ಸಾಹೇಬರು ಕೇಳಿದರು: "ಎಷ್ಟು ಓಟು ಆಯ್ತು ಭಟ್ರೇ?"

"ಮೂರು ಮುಹೂರ್ತ, ಎರಡು ಜಾತಕ."

ಸಾಹೇಬರು ಟೋಪಿ ತೆಗೆದು ತಲೆ ಒರೆಸಿಕೊಂಡರು. "ನಾಳೆಯಿಂದ ನೀವು ಮನೇಲೇ ಇರಿ. ದೇವರ ಹತ್ರ ನೀವು ಕೇಳಿ, ಜನರ ಹತ್ರ ನಾನೇ ಕೇಳ್ತೀನಿ."

೪. ಒಂದು ಓಟು

ಸಭೆ ಶಾಲೆಯ ದೊಡ್ಡ ಕೋಣೆಯಲ್ಲಿ. ಕೈ ಎತ್ತಿ ಓಟು. ಮಕ್ಕಳೆಲ್ಲ ಹೊರಗೆ ಕಿಟಕಿಗೆ ಜೋತುಬಿದ್ದಿದ್ದರು. ಸಮ ಆದರೆ ಚೀಟಿ ಎತ್ತುವುದು ಎಂದು ಹೆಡ್‌ಮಾಸ್ಟರು ಮೊದಲೇ ಹೇಳಿದ್ದರು. ಮೊದಲು ಜೀಪಿನವರ ಸರದಿ: ಇಪ್ಪತ್ತೊಂದು. ಆಮೇಲೆ ನನ್ನ ಹೆಸರು ಕೂಗಿದರು. ನಾನು ಕಣ್ಣು ಮುಚ್ಚಿ ಗಣಪತಿಯನ್ನು ನೆನೆದೆ. ಮಗಳ ಬಾಟಲಿಯೂ ಕಣ್ಣ ಮುಂದೆ ಬಂತು. ಕಣ್ಣು ಬಿಟ್ಟಾಗ ಹೆಡ್‌ಮಾಸ್ಟರು "ಇಪ್ಪತ್ತು" ಎಂದು ಬರೆದುಕೊಳ್ಳುತ್ತಿದ್ದರು.

ಸಾಹೇಬರು ನನ್ನನ್ನೇ ನೋಡಿ, "ಎಂಥ ಮಾಡಿಬಿಟ್ರಿ ಭಟ್ರೇ" ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿ ಹೋದರು. ಜೀಪಿನವರು ಬಂದು ಎರಡೂ ಕೈ ಹಿಡಿದುಕೊಂಡರು. "ನಿಮ್ಮಷ್ಟು ದೊಡ್ಡ ಮನಸ್ಸು ನನಗಿಲ್ಲ ಭಟ್ರೇ. ನಿಮ್ಮ ಅರ್ಚನೆ ಭಾರಿ ಪವರ್‌ಫುಲ್!"

ದೊಡ್ಡ ಮನಸ್ಸು ಎಂದದ್ದು ಯಾಕೆಂದು ನನಗೆ ತಿಳಿಯಲಿಲ್ಲ. ಕೇಳಿದವರಿಗೆಲ್ಲ "ದೇವರ ಇಚ್ಛೆ" ಅಂದೆ. ಕಮಾನು ಎದ್ದಿತು, ಅದಕ್ಕೆ ಗುಲಾಬಿ ಬಣ್ಣವೂ ಆಯಿತು. ಮಗಳು ಏಳನೇ ಕ್ಲಾಸು ಮುಗಿಸುವವರೆಗೂ ಬಾಟಲಿ ತುಂಬಿಕೊಂಡೇ ಬಂತು.

೫. ಗುದ್ದಲಿ ಪೂಜೆ

ಅವಳು ಕೊಪ್ಪದ ಹೈಸ್ಕೂಲು ಸೇರಿದ ವರ್ಷ ಜೀಪಿನವರು ಮತ್ತೆ ಬಂದರು. "ಪಾಯಿಖಾನೆ ಮಂಜೂರಾಯ್ತು ಭಟ್ರೇ. ಗುದ್ದಲಿ ಪೂಜೆಗೆ ನೀವೇ ಬರ್ಬೇಕು." ಪಾಪ, ಅವರೂ ಕೆಟ್ಟವರಲ್ಲ, ಕಮಾನಿನ ಆಸೆ ಮುಗಿದ ಮೇಲೆ ಅದಕ್ಕೇ ಓಡಾಡಿದ್ದರು.

ನಾನು ಪೂಜೆಯ ಚೀಲ ತುಂಬಿಕೊಳ್ಳುತ್ತ, "ಎರಡು ವರ್ಷ ತಡ ಆಯ್ತು ಕೂಸೇ. ಎಂತ ಮಾಡುವುದು, ದೇವರ ಇಚ್ಛೆ" ಅಂದೆ.

ಮಗಳು ಕರ್ಪೂರದ ಡಬ್ಬಿ ನನ್ನ ಕೈಗೆ ಕೊಟ್ಟಳು. "ಅಪ್ಪಯ್ಯ, ಬೇಜಾರು ಮಾಡ್ಕೋಬೇಡ. ಅವತ್ತು ನಾನು ಕಿಟಕಿಯಿಂದ ನೋಡಿದ್ದೆ. ಹೇಳಿದ್ರೆ ನೊಂದ್ಕೋತಿ ಅಂತ ಇಷ್ಟು ದಿನ ಹೇಳಲಿಲ್ಲ."

"ಎಂತ ನೋಡಿದೆ?"

"ನಿನ್ನ ಹೆಸರು ಕೂಗಿದಾಗ ನಿನ್ನ ಕಡೆಯವರೆಲ್ಲ ಕೈ ಎತ್ತಿದ್ರು. ನೀನೊಬ್ಬನೇ ಎರಡೂ ಕೈ ಮುಗಿದು ಕೂತಿದ್ದೆ."

ನಾನು ಡಬ್ಬಿ ಕೆಳಗಿಟ್ಟು ಲೆಕ್ಕ ಹಾಕಿದೆ: ಇಪ್ಪತ್ತರ ಜೊತೆ ನನ್ನದೊಂದು. ಇಪ್ಪತ್ತೊಂದು ಆಗಿ ಚೀಟಿ ಎತ್ತುವುದಾಗಿದ್ದರೆ ಅಲ್ಲಿ ಗಣಪತಿಗೂ ಒಂದು ಕೆಲಸ ಇರುತ್ತಿತ್ತು. "ಹಾಗಾದರೆ... ಅದು ದೇವರ ಇಚ್ಛೆ ಅಲ್ಲವಾ ಕೂಸೇ?"

ಅವಳು ಅಡಿಗೆಮನೆಯಿಂದ ಒಂದು ಲೋಟ ನೀರು ತಂದು ನನ್ನ ಮುಂದೆ ಹಿಡಿದಳು. "ದೇವರು ಆಗ್ತದೆ ಅಂತ ಹೂವು ಕೊಟ್ಟಿದ್ದ ಅಪ್ಪಯ್ಯ. ಒಂದು ಕೈ ಎತ್ತುವುದನ್ನ ಮಾತ್ರ ನಿನಗೆ ಬಿಟ್ಟಿದ್ದ."