ಕೆಂಪು ಚುಕ್ಕಿ ಆರಿದ ಮೇಲೆ

ಫೋಟೋ ತೆಗೆಯುವ ಕ್ಯಾಮೆರಾದಲ್ಲೇ ಸಂದರ್ಶನದ ವಿಡಿಯೋ ಮಾಡಲು ಹೊರಟವನನ್ನು ನಮ್ಮ ಜಿಲ್ಲೆಯಲ್ಲಿ ಯಾರೂ ಒಂದೇ ಸಲಕ್ಕೆ ನಂಬುವುದಿಲ್ಲ. ನಾನೂ ಈಗ ಯಾರನ್ನೂ ನಂಬುವುದಿಲ್ಲ. ಒಂದು ಕಾಲೇಜಿನವರು ಮೂವರು ಹಿರಿಯರ ಕಸುಬಿನ ಮಾತು ರೆಕಾರ್ಡ್ ಮಾಡಿಕೊಂಡು ಬಾ ಎಂದಿದ್ದರು. ಮೂರೂ ಚೆನ್ನಾಗಿ ಬಂದರೆ ಮುಂದಿನ ಕೆಲಸವೂ ನನಗೇ. ಇಲ್ಲವಾದರೆ ಮತ್ತೆ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ. ನನ್ನ ಹತ್ತಿರ ಲೈಟುಗಳಿಲ್ಲ, ಕಿಟಕಿಯ ಬೆಳಕೇ ಗತಿ.

ಅಲ್ಲಾಡದ ಸಾಹೇಬರು

ಚಿತ್ರದುರ್ಗದಲ್ಲಿ ಪಾತ್ರೆಗೆ ಕಲಾಯಿ ಹಾಕುವ ಸಾಹೇಬರೊಬ್ಬರನ್ನು ಅಂಗಡಿ ಬಾಗಿಲಲ್ಲಿ ಕೂರಿಸಿದೆ. ಎಷ್ಟು ವರ್ಷದ ಕಸುಬು ಎಂದೆ. ಬೆನ್ನು ನೆಟ್ಟಗೆ ಮಾಡಿ, ಕಣ್ಣು ಅಗಲಿಸಿ ಕೂತರು. ಯಾರಿಂದ ಕಲಿತಿರಿ ಎಂದೆ. ಕಣ್ಣೂ ಮಿಟುಕಿಸಲಿಲ್ಲ. ಕಿವಿ ಮಂದವೇನೋ ಎಂದು ಹತ್ತಿರ ಹೋಗಿ ಕೂಗಿದೆ. ತುಟಿ ಅಲ್ಲಾಡಿಸದೆ ಗೊಣಗಿದರು, "ಮೊದ್ಲು ಫೋಟೋ ತೆಗೀರಿ. ಮಾತಾಡಿದ್ರೆ ಬಾಯಿ ಸೊಟ್ಟ ಬರ್ತೈತೆ."

ಇದು ವಿಡಿಯೋ ಎಂದೆ. ವಿಡಿಯೋ ಕ್ಯಾಮೆರಾ ಹೆಗಲ ಮೇಲೆ ಕೂರುತ್ತದೆ, ಮಗಳ ಮದುವೆಯಲ್ಲಿ ನೋಡಿದ್ದೇನೆ, ನನಗೇ ಟೋಪಿ ಹಾಕುತ್ತೀರಾ ಎಂದರು. ಒಂದು ಫೋಟೋ ತೆಗೆದು ತೋರಿಸಿದ ಮೇಲೆಯೇ ಬಾಯಿ ಬಿಟ್ಟದ್ದು. ಆಮೇಲೆ ಮುಚ್ಚಿಸುವುದು ಕಷ್ಟವಾಯಿತು.

ಬೀರುವಿನ ಕಾವಲು

ಹೊಸದುರ್ಗದ ನಿವೃತ್ತ ಮೇಷ್ಟ್ರ ಮನೆಯಲ್ಲಿ ಟ್ಯೂಬ್‌ಲೈಟ್ ಆರಿಸಿ ಎಂದೆ; ಅದು ಕಿಟಕಿಯ ಬೆಳಕಿಗೆ ಸೇರಿದರೆ ಮುಖ ಹಸಿರಾಗುತ್ತದೆ. ಸದ್ದು ಬರುತ್ತದೆಂದು ಫ್ಯಾನ್ ಆರಿಸಿ ಎಂದೆ. ಬೀದಿಬಾಗಿಲು ಹಾಕಿ, ಮೊಬೈಲು ಆಫ್ ಮಾಡಿ ಎಂದೆ. ಬಾಗಿಲು ಹಾಕಿ ಬಂದ ಮೇಷ್ಟ್ರ ಹೆಂಡತಿ ಮೆಲ್ಲಗೆ ಕೇಳಿದರು, "ನಮ್ಮನ್ನ ಕಟ್ಟಿಹಾಕಾದು ಯಾವಾಗಪ್ಪ?"

ಸಂದರ್ಶನ ಮುಗಿಯುವವರೆಗೂ ಅವರು ಬೀರುವಿಗೆ ಬೆನ್ನು ಕೊಟ್ಟು ನಿಂತಿದ್ದರು. ವಿಡಿಯೋದಲ್ಲಿ ಮೇಷ್ಟ್ರ ಮಾತಿನುದ್ದಕ್ಕೂ ಪಕ್ಕದಲ್ಲಿ ಹೆಂಡತಿಯ ಮೊಣಕೈ ಬಂದಿದೆ.

ಕುರಿ ನುಗ್ಗಿದ ಹೊಲ

ಮೂರನೆಯವರು ತಾಳ್ಯದ ಕಡೆಯ ಕುರಿ ಕಾಯುವ ಅಜ್ಜ. ಅವರ ಮನೆಯೊಳಗೇ ಕಿಟಕಿಯ ಪಕ್ಕ ಕೂರಿಸಿದೆ. ರೆಕಾರ್ಡ್ ಆಗುವಾಗ ಕ್ಯಾಮೆರಾದ ಮುಂಭಾಗದಲ್ಲಿ ಉರಿಯುವ ಕೆಂಪು ಚುಕ್ಕಿಯನ್ನೇ ಅನುಮಾನದಿಂದ ನೋಡುತ್ತ, ಕೇಳಿದ್ದಕ್ಕೆಲ್ಲ "ದೇವ್ರು ನಡೆಸ್ದಂಗೆ" ಎಂದರು. ಅರ್ಧ ಗಂಟೆ ಇದೇ. ನನ್ನ ಮುಂದಿನ ಕೆಲಸ ಹೋಯಿತು ಅಂದುಕೊಂಡೆ.

ಅಷ್ಟರಲ್ಲಿ ಅಜ್ಜ ಏಕಾಏಕಿ ಕಾಲು ಚಾಚಿ ನಗತೊಡಗಿದರು. ಹರೆಯದಲ್ಲಿ ಒಬ್ಬರ ಹೊಲಕ್ಕೆ ಕುರಿಗಳು ಮೂರು ದಿನ ನುಗ್ಗಿದವಂತೆ. ತಾವಾಗೇ ನುಗ್ಗಿದವು ಎಂದು ಊರಿಗೆಲ್ಲ ಹೇಳಿದ್ದು ಸುಳ್ಳು. ಆ ಮನೆಯ ಹುಡುಗಿ ಬೈಯಲಿಕ್ಕಾದರೂ ಹೊರಗೆ ಬರಲಿ ಎಂದು ನಾನೇ ಬೇಲಿ ಸರಿಸುತ್ತಿದ್ದೆ ಎಂದರು. ಆ ಹುಡುಗಿಯೇ ಈಗ ಅವರ ಹೆಂಡತಿ, ಈ ಮನೆಯ ಅಜ್ಜಿ. ಇಂಥ ಮಾತು ಸಿಕ್ಕಿತಲ್ಲ ಎಂದು ಕುಣಿಯುವಷ್ಟು ಖುಷಿಯಾಯಿತು.

ಎದ್ದು ನೋಡಿದರೆ ಕ್ಯಾಮೆರಾ ನಿಂತುಹೋಗಿದೆ. ನನ್ನ ಕ್ಯಾಮೆರಾ ಅರ್ಧ ಗಂಟೆಗೆ ತಾನಾಗೇ ನಿಲ್ಲುತ್ತದೆ, ಮಾತು ಕೇಳುತ್ತ ಅದನ್ನೇ ಮರೆತಿದ್ದೆ. ಅಜ್ಜ ಸಮಾಧಾನವಾಗಿ ಹೇಳಿದರು, "ಚುಕ್ಕಿ ಆರಿದ್ಮ್ಯಾಗೇ ಹೇಳಿದ್ದು."

ತಲೆಯ ಮೇಲೆ ಕೈಹೊತ್ತು ಕೂತೆ. ಆಗ ಬಾಗಿಲ ಮರೆಯಿಂದ ಅಜ್ಜಿ ಬಂದರು. ಸೆರಗಿನೊಳಗಿಂದ ಮೊಬೈಲು ತೆಗೆದರು. ಈ ಫೋಟೋದವನು ನಾಳೆ ಮಾತು ತಿರುಚಿದರೆ ಸಾಕ್ಷಿಗಿರಲಿ ಎಂದು ಮೊದಲಿಂದಲೂ ರೆಕಾರ್ಡ್ ಮಾಡಿದ್ದರಂತೆ. ಕೈಮುಗಿದು ಕಾಪಿ ಕೇಳಿದೆ.

"ತಡಿಯಪ್ಪ, ಸೆರಗಿನಾಗೆ ದನಿ ಬಂದೈತೆ, ಮಕ ಬಂದಿಲ್ಲ," ಎಂದ ಅಜ್ಜಿ, ಅಜ್ಜನ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ಮೊಬೈಲು ಎತ್ತಿ ಹಿಡಿದರು. "ಈಗ ಹೇಳು. ನಮ್ಮಪ್ಪನ ಹೊಲಕ್ಕೆ ಕುರಿ ನುಗ್ಸಿದ್ದು ಯಾರು?"

ಅಜ್ಜ ಬೆನ್ನು ನೆಟ್ಟಗೆ ಮಾಡಿ, ಕಣ್ಣು ಅಗಲಿಸಿ, ತುಟಿ ಅಲ್ಲಾಡಿಸದೆ ಹೇಳಿದರು, "ಮೊದ್ಲು ಫೋಟೋ ತೆಗಿ."