ಹಂಪಾಪುರದ ಸದ್ದಿಲ್ಲದ ಬೇಟೆಗಾಡಿ

ಕಾಡುಹಂದಿಗೆ ಕಿವಿ ಬಲು ಚುರುಕು ಎಂಬ ಅಂಶವನ್ನು ಹಂಪಾಪುರದ ಹಂದಿ ನಿವಾರಣಾ ಸಮಿತಿಯು 2001ರ ಕಾರ್ತಿಕ ಮಾಸದ ಒಂದು ಬುಧವಾರ ಸರ್ವಾನುಮತದಿಂದ ಅಂಗೀಕರಿಸಿತು.

ಆ ದಿನ ಬೇರೇನೂ ವಿಶೇಷವಿರಲಿಲ್ಲ. ಚಿಕ್ಕಬೀರಮ್ಮ ಎಂದಿನಂತೆ ಎಮ್ಮೆಗೆ ಹುಲ್ಲು ಹಾಕಿ, ಗೆಣಸಿನ ಹೊಲಕ್ಕೆ ಹೋಗಿ, ಹಂದಿಗಳು ಮಗುಚಿ ಹಾಕಿದ್ದ ಸಾಲುಗಳನ್ನು ನೋಡಿ, ನೇರ ಸಮಿತಿಯ ಜಗಲಿಗೆ ಬಂದಿದ್ದಳು. ಮುಂಚೆ ಅವಳ ಗಂಡ ಅಟ್ಟಣೆ ಹತ್ತಿ ಕೂತು ಬೆಳಗಿನತನಕ ತಗಡು ಬಡಿಯುತ್ತಿದ್ದ. ಹೋದ ವರ್ಷ ಅವನು ತೀರಿಕೊಂಡ. ಅವಳ ಮಂಡಿಗಳು ಏಣಿ ಹತ್ತಲು ಒಪ್ಪುತ್ತಿರಲಿಲ್ಲ.

“ಉಳ್ದಿರೋ ಗೆಣಸಾದ್ರೂ ಉಳಿಸ್ಕೊಡ್ರಣ್ಣ,” ಎಂದಳು.

“ಅಂಗೇ ಆಗ್ಲಿ ಕಣವ್ವ,” ಎಂದರು ಅಧ್ಯಕ್ಷ ಚೆಲುವಯ್ಯ. “ಹಂದಿ ಹೊಡ್ಯಕೆ ಪರ್ಮಿಷನ್ ಬಂದದೆ. ಜೀಪಲ್ಲಿ ಹೋದ್ರೆ ಸದ್ದಿಗೇ ಓಡೋಯ್ತವೆ. ಸದ್ದೇ ಇಲ್ದಿರೋ ಗಾಡಿ ಬೇಕು.”

“ನಡ್ಕಂಡೋದ್ರೆ ಸದ್ದಾಯ್ತದಾ?” ಎಂದು ಚಿಕ್ಕಬೀರಮ್ಮ ಕೇಳಿದ್ದನ್ನು ಸಭೆಯ ನಡಾವಳಿಯಲ್ಲಿ ಸೇರಿಸಲಿಲ್ಲ.

ಅದೇ ಸಭೆಯಲ್ಲಿ ಮಾಂಸದ ಹಂಚಿಕೆಯೂ ತೀರ್ಮಾನವಾಯಿತು. ಹಿಂದಿನ ತೊಡೆ ಅಧ್ಯಕ್ಷರಿಗೆ. ಖಜಾಂಚಿ ಗುರುಮಲ್ಲಪ್ಪನವರು ಮಾಂಸ ಮುಟ್ಟದವರಾದ್ದರಿಂದ ಅವರ ಪಾಲನ್ನು ಅವರ ಪರವಾಗಿ ಅಧ್ಯಕ್ಷರೇ ತಿನ್ನತಕ್ಕದ್ದು.

ಮೈಸೂರಿನ ಗಾಲ್ಫ್ ಮೈದಾನವೊಂದರಲ್ಲಿ ಆಟಗಾರರನ್ನು ಹೊತ್ತು ತಿರುಗಿ ಹಳತಾಗಿದ್ದ ಎರಡು ಪುಟ್ಟ ಗಾಡಿಗಳು ಮಾರಾಟಕ್ಕಿದ್ದವು. ಒಂದು ಪೆಟ್ರೋಲಿನದು, ಒಂದು ಬ್ಯಾಟರಿಯದು. ಸದ್ದು ಅಳೆಯುವ ಯಂತ್ರ ಸಮಿತಿಯಲ್ಲಿರಲಿಲ್ಲ. ಆದಕಾರಣ ಗುರುಮಲ್ಲಪ್ಪನವರಿಗೆ ಮುದ್ದೆ ಊಟ ಹಾಕಿಸಿ ಎರಡರಲ್ಲೂ ಕೂರಿಸಿ ಓಡಿಸಲಾಯಿತು. ಪೆಟ್ರೋಲ್ ಗಾಡಿಯಲ್ಲಿ ಅವರಿಗೆ ಎಚ್ಚರವಾಯಿತು. ಬ್ಯಾಟರಿ ಗಾಡಿಯಲ್ಲಿ ಗೊರಕೆ ಬಂತು. ಎರಡನೆಯದನ್ನು ಕೊಳ್ಳಲಾಯಿತು. ಚಿಕ್ಕಬೀರಮ್ಮನಿಗೂ ಈ ಪರೀಕ್ಷೆ ಸರಿಯೆನಿಸಿತು.

ಹತ್ತಿರದ ಪೇಟೆ ಹ್ಯಾಂಡ್‌ಪೋಸ್ಟಿನಲ್ಲಿ ವೆಲ್ಡಿಂಗ್ ಅಂಗಡಿಯಿಟ್ಟಿದ್ದ ಕನಕರಾಜು ಗಾಡಿಗೆ ದಪ್ಪ ಟೈರು ಹಾಕಿದ, ಹಸಿರು ಬಣ್ಣ ಬಳಿದ, ಕೋವಿ ಇಡಲು ಕಬ್ಬಿಣದ ಸ್ಟ್ಯಾಂಡು ಕೂರಿಸಿದ. ಗಾಡಿ ಊರೊಳಕ್ಕೆ ಎಷ್ಟು ಮೆತ್ತಗೆ ಬಂತೆಂದರೆ, ಮುಂದೆ ಹೋಗುತ್ತಿದ್ದ ಪುಟ್ಟಮಾದಮ್ಮನಿಗೆ ಅದು ಹಿಂದಿನಿಂದ ತಾಗಿದ ಮೇಲೆಯೇ ಗೊತ್ತಾದದ್ದು. ಅವಳು ಬೈದ ಬೈಗುಳ ಕೇಳಿ ಸಮಿತಿ ತುರ್ತು ಸಭೆ ಸೇರಿತು. ಗಾಡಿಯ ಸುತ್ತ ಎತ್ತಿನ ಗಂಟೆಗಳನ್ನು ಕಟ್ಟಲಾಯಿತು. ಗುಂಡು ಹಾರಿಸುವ ಮುನ್ನ ಜನರಿಗೆ ತಿಳಿಸಬೇಕೆಂದು ಪರ್ಮಿಷನ್ನಿನಲ್ಲಿ ಷರತ್ತಿದ್ದುದರಿಂದ ಮೇಲೊಂದು ಮೈಕನ್ನೂ ಕಟ್ಟಲಾಯಿತು.

“ಸಾರ್ವಜನಿಕರ ಗಮನಕ್ಕೆ. ಇಂದು ಸಂಜೆ ಸದ್ದಿಲ್ಲದೆ ಹಂದಿ ಬೇಟೆ ನಡೆಯಲಿದೆ. ಹಂದಿಗಳನ್ನು ಬಿಟ್ಟು ಉಳಿದವರೆಲ್ಲ ಮನೆಯೊಳಗೇ ಇರತಕ್ಕದ್ದು.”

ಒಂದು ವಾರ ಗಾಡಿ ಹೀಗೆ ಹೊಲಗಳ ಸುತ್ತ ತಿರುಗಿತು. ಒಂದು ಹಂದಿಯೂ ಇತ್ತ ಸುಳಿಯಲಿಲ್ಲ. ಚಿಕ್ಕಬೀರಮ್ಮ ಗಂಡ ಹೋದ ಮೇಲೆ ಮೊದಲ ಸಲ ಕಣ್ತುಂಬ ನಿದ್ದೆ ಮಾಡಿದಳು. ಬೆಳಿಗ್ಗೆ ಎದ್ದು ನಾಲ್ಕು ಗೆಣಸು ಕಿತ್ತು ಬೇಯಿಸಿ ಸಮಿತಿಗೆ ತಂದಳು.

“ನಿಮ್ ಗಾಡಿಯಿಂದ ಉಳ್ಕಂಡೆ ಕಣಣ್ಣ. ಒಂದೂ ಬರ್ನಿಲ್ಲ.”

ಚೆಲುವಯ್ಯ ಗೆಣಸಿನ ಸಿಪ್ಪೆ ಸುಲಿಯುತ್ತಾ ಮುಖ ಗಂಟಿಕ್ಕಿದರು. “ಅದೇ ಕಣವ್ವ ತೊಂದ್ರೆ ಆಗಿರೋದು. ಬರ್ದೆ ಇದ್ರೆ ಹೊಡ್ಯದೆಂಗೆ? ಓಡ್ಸೋಕೆ ತಗಡೇ ಸಾಕಾಗಿತ್ತು. ನಮ್ದು ಬೇಟೆ.”

“ಬೇಟೆ ಯಾಕಣ್ಣ, ಗೆಣಸು ಉಳುದ್ರೆ ಸಾಕು.”

“ತೊಡೆ ಆಗ್ಲೇ ಹಂಚ್ಬುಟ್ಟಿದೀವಲ್ಲವ್ವ,” ಎಂದರು ಚೆಲುವಯ್ಯ, ಇನ್ನೊಂದು ಗೆಣಸು ತೆಗೆದುಕೊಳ್ಳುತ್ತಾ.

ಗಂಟೆಗಳನ್ನು ಬಿಚ್ಚಲಾಯಿತು. ಮೈಕು ಇಳಿಯಿತು. ಗಾಲಿಗಳಿಗೆ ಗೋಣಿತಾಟು ಸುತ್ತಲಾಯಿತು. ಗಾಡಿಯ ನಾಲ್ಕು ಸೀಟುಗಳಲ್ಲಿ ನಾಲ್ವರು ಪದಾಧಿಕಾರಿಗಳು ಕೂತರು. ಕೋವಿಯ ಲೈಸೆನ್ಸ್ ಇದ್ದ ಅಣ್ಣಯ್ಯ ಹಿಂದೆ ನಡೆದು ಬಂದ. ಕೋವಿಯನ್ನು ಗಾಡಿಯ ಸ್ಟ್ಯಾಂಡಿನ ಮೇಲಿಟ್ಟೇ ಹಾರಿಸಬೇಕೆಂದು ನಿಯಮ.

“ಒಬ್ರು ಇಳುದ್ರೆ ನಾ ಹತ್ತುತೀನಿ,” ಎಂದ ಅಣ್ಣಯ್ಯ.

“ಇಳುದ್ರೆ ಕೋರಂ ಹೊಂಟೋಯ್ತದೆ, ಸುಮ್ನಿರ್ಲಾ,” ಎಂದರು ಚೆಲುವಯ್ಯ.

ಹೊತ್ತು ಮುಳುಗುತ್ತಲೇ ಚಿಕ್ಕಬೀರಮ್ಮನ ಹೊಲಕ್ಕೆ ಹಂದಿಗಳು ಬಂದವು. ಮರಿಗಳೂ ಬಂದವು. ಸಾಲು ಹಿಡಿದು ಗೆಣಸು ಮೀಟತೊಡಗಿದವು. ಒಂದು ಹೆಣ್ಣುಹಂದಿ ಗಾಡಿಯ ಟೈರಿಗೆ ಬೆನ್ನು ಉಜ್ಜಿಕೊಂಡು ಅಲ್ಲೇ ಮಲಗಿತು. ಗುರುಮಲ್ಲಪ್ಪನವರು ಮೊದಲೇ ನಿದ್ದೆ ಹೋಗಿದ್ದರು.

ಬದುವಿನ ಮೇಲೆ ನಿಂತಿದ್ದ ಚಿಕ್ಕಬೀರಮ್ಮನ ಕಡೆ ಬಾಗಿ ಚೆಲುವಯ್ಯ ಪಿಸುಗುಟ್ಟಿದರು: “ನೋಡವ್ವ, ಗಾಡಿ ಹೆಂಗದೆ! ಒಂದು ಹಂದೀನೂ ತಲೆ ಎತ್ತಿ ಸೈತ ನೋಡ್ನಿಲ್ಲ!”

ಚಿಕ್ಕಬೀರಮ್ಮ ಕಿವಿಗೊಟ್ಟು ಕೇಳಿದಳು. ಹಂದಿಗಳು ಗೆಣಸು ಅಗಿಯುವುದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. “ದಿಟ ಕಣಣ್ಣ,” ಎಂದಳು. “ಒಂಚೂರೂ ಸದ್ದಿಲ್ಲ.”

ಮುಂದಿನ ಸಭೆಯಲ್ಲಿ, ಸದ್ದಿಲ್ಲದ ಗಾಡಿಯು ಸಂಪೂರ್ಣ ಯಶಸ್ವಿಯಾಗಿದೆಯೆಂದೂ, ಅಣ್ಣಯ್ಯನಿಗೆ ಸೀಟಿಲ್ಲದ ಕಾರಣ ಇನ್ನೊಂದು ಗಾಡಿ ಕೊಳ್ಳತಕ್ಕದ್ದೆಂದೂ ನಿರ್ಣಯವಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಜಗಲಿಯ ತುದಿಯಲ್ಲಿ ಕೂತಿದ್ದ ಚಿಕ್ಕಬೀರಮ್ಮನೂ ತಟ್ಟಿದಳು.

ಸಂಕ್ರಾಂತಿಗೆ ಅವಳು ಹ್ಯಾಂಡ್‌ಪೋಸ್ಟಿನಿಂದ ಗೆಣಸು ಕೊಂಡು ತಂದಳು.